ಬಹುಮತ ಪಡೆದ ಸರ್ಕಾರಕ್ಕೂ ಮಿತಿ ಏಕೆ ಬೇಕು?

ಪ್ರಶ್ನೆ: ಸರ್ಕಾರವನ್ನು ಆರಿಸುವವರು ಜನ, ಇಳಿಸುವವರೂ ಜನ. ತಪ್ಪು ಮಾಡಿದ ಸರ್ಕಾರವನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸುವ ಅಧಿಕಾರ ನಮ್ಮ ಕೈಯಲ್ಲೇ ಇರುವಾಗ, ಬಹುಮತ ಪಡೆದು ಬಂದವರ ಕೈಯನ್ನು ಸಂವಿಧಾನದ ಹೆಸರಿನಲ್ಲಿ ಕಟ್ಟುವುದೇಕೆ? ಯಾರೂ ಮತ ಹಾಕಿ ಆರಿಸದ ನ್ಯಾಯಾಧೀಶರು ಸಂಸತ್ತು ಮಾಡಿದ ಕಾನೂನನ್ನು ರದ್ದುಪಡಿಸುವುದು ಪ್ರಜಾಪ್ರಭುತ್ವ ಹೇಗಾಗುತ್ತದೆ? ಬ್ರಿಟನ್ನಿನಲ್ಲಿ ಲಿಖಿತ ಸಂವಿಧಾನವೇ ಇಲ್ಲವಂತೆ. ಅಲ್ಲಿ ಪ್ರಜಾಪ್ರಭುತ್ವ ನಡೆಯುತ್ತಿಲ್ಲವೇ?

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ವಾಕ್ಯದಿಂದಲೇ ಆರಂಭಿಸುತ್ತೇನೆ. ಆರಿಸುವವರೂ ಇಳಿಸುವವರೂ ಜನರೇ ಎಂಬ ಮಾತು ನಿಜವಾಗಬೇಕಾದರೆ ಕೆಲವು ಸಂಗತಿಗಳು ಮೊದಲೇ ಖಚಿತವಾಗಿರಬೇಕು. ಚುನಾವಣೆ ನಿಗದಿತ ಕಾಲಕ್ಕೆ ನಡೆಯಬೇಕು. ಸರ್ಕಾರ ಏನು ಮಾಡಿತು ಎಂಬುದು ಪತ್ರಿಕೆಗಳ ಮೂಲಕ ಜನರಿಗೆ ತಿಳಿಯಬೇಕು. ಎದುರಾಳಿ ಪಕ್ಷದವರು ಜೈಲಿನ ಹೊರಗಿರಬೇಕು. ಚುನಾವಣೆಯಲ್ಲಿ ಅಕ್ರಮ ನಡೆದರೆ ಅದನ್ನು ವಿಚಾರಿಸುವ ನ್ಯಾಯಾಲಯ ತೆರೆದಿರಬೇಕು. ಇವುಗಳಲ್ಲಿ ಒಂದನ್ನೂ ಮತಪೆಟ್ಟಿಗೆ ತಾನಾಗಿ ಕೊಡುವುದಿಲ್ಲ. ಅಧಿಕಾರದಲ್ಲಿರುವವರು ಇವನ್ನು ಮುಟ್ಟಬಾರದು ಎಂಬ ನಿಯಮ ಇರುವುದರಿಂದಲೇ ಮತಕ್ಕೆ ಬೆಲೆ ಬರುತ್ತದೆ. ಸಂವಿಧಾನದ ಮಿತಿಗಳು ಜನರ ಕೈಯನ್ನು ಕಟ್ಟುತ್ತವೆ ಎಂಬ ಭಾವನೆ ವ್ಯಾಪಕವಾಗಿದೆ. ನನ್ನ ತಿಳಿವಳಿಕೆಯಂತೆ ಅವು ಮುಖ್ಯವಾಗಿ ಕಟ್ಟುವುದು ಇಂದಿನ ಬಹುಮತದ ಕೈಯನ್ನು. ನಾಳೆ ಬೇರೊಂದು ಬಹುಮತ ರೂಪುಗೊಳ್ಳುವ ದಾರಿಯನ್ನು ಅದು ಮುಚ್ಚದಂತೆ ಅವು ನೋಡಿಕೊಳ್ಳುತ್ತವೆ.

ಇದನ್ನು ತತ್ತ್ವವಾಗಿ ಹೇಳಿ ಬಿಡುವುದಕ್ಕಿಂತ ನಮ್ಮದೇ ದೇಶದಲ್ಲಿ ನಡೆದದ್ದನ್ನು ಕ್ರಮವಾಗಿ ನೋಡುವುದು ಒಳ್ಳೆಯದು. 1971ರ ಮಾರ್ಚ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ 352 ಸ್ಥಾನಗಳು ಬಂದವು. ಅದು ಮೂರನೇ ಎರಡಕ್ಕಿಂತ ಹೆಚ್ಚಿನ ಬಹುಮತ. ಜನರು ಮನಸಾರೆ ಕೊಟ್ಟ ಬಹುಮತ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಚುನಾವಣಾ ಅಕ್ರಮದ ಕಾರಣಕ್ಕೆ ಪ್ರಧಾನಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆ ರಾತ್ರಿಯೇ ದೆಹಲಿಯ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ ಕಡಿತವಾಯಿತು, ಮುಂದಿನ ದಿನಗಳಲ್ಲಿ ಸುದ್ದಿಗೆ ಪೂರ್ವ ಸೆನ್ಸಾರ್ ಬಂತು. ಸಂಸತ್ತಿನೊಳಗೆ ಆಡಿದ ಮಾತನ್ನು ನಿರ್ಭಯವಾಗಿ ವರದಿ ಮಾಡಲು ಪತ್ರಿಕೆಗಳಿಗೆ 1956ರಿಂದ ಇದ್ದ ಕಾನೂನಿನ ರಕ್ಷಣೆಯನ್ನೂ ಆ ಅವಧಿಯಲ್ಲಿ ಹಿಂಪಡೆಯಲಾಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಟ್ಟಿದ್ದ ಮೀಸಾ ಕಾಯ್ದೆ ಮತ್ತು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು.

ಇಷ್ಟೆಲ್ಲ ಆದ ಮೇಲೂ ಚುನಾವಣೆ ಇದೆಯಲ್ಲ, ಜನ ತೀರ್ಮಾನಿಸುತ್ತಾರೆ ಎನ್ನಬಹುದೇ? ಆ ಲೋಕಸಭೆಯ ಐದು ವರ್ಷಗಳ ಅವಧಿ 1976ರ ಮಾರ್ಚ್‌ನಲ್ಲಿ ಮುಗಿಯಬೇಕಿತ್ತು. ಸಂಸತ್ತು ಕಾನೂನು ಮಾಡಿ ತನ್ನ ಅವಧಿಯನ್ನು ಒಂದು ವರ್ಷ ವಿಸ್ತರಿಸಿಕೊಂಡಿತು. ಆ ವರ್ಷ ಮುಗಿಯುವ ಮೊದಲೇ ಇನ್ನೊಂದು ವರ್ಷ ವಿಸ್ತರಿಸಿಕೊಂಡಿತು. 42ನೇ ತಿದ್ದುಪಡಿಯ ಮೂಲಕ ಲೋಕಸಭೆಯ ಸಾಮಾನ್ಯ ಅವಧಿಯನ್ನೇ ಆರು ವರ್ಷಕ್ಕೆ ಏರಿಸಿತು. ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸುತ್ತೇವೆ ಎಂಬ ನಿಮ್ಮ ಭರವಸೆಯ ‘ಐದು ವರ್ಷ’ ಎಂಬುದೇ ಸಂವಿಧಾನ ಹಾಕಿದ ಒಂದು ಮಿತಿ ಎಂಬುದನ್ನು ದಯವಿಟ್ಟು ಗಮನಿಸಿ. ಆ ಮಿತಿಯನ್ನು ಸಡಿಲಿಸಿದವರು ಜನರಿಂದ ಆಯ್ಕೆಯಾದವರೇ, ಸಡಿಲಿಸಿದ್ದು ಸದನದಲ್ಲಿ ಮತ ಹಾಕಿಯೇ. ತುರ್ತು ಪರಿಸ್ಥಿತಿಯಲ್ಲಿ ಅವಧಿಯನ್ನು ಒಂದೊಂದು ವರ್ಷದಂತೆ ವಿಸ್ತರಿಸಲು 83ನೇ ವಿಧಿಯಲ್ಲಿ ಅವಕಾಶವಿತ್ತು, ಆದ್ದರಿಂದ ಅದು ಕಾನೂನುಬಾಹಿರವೂ ಆಗಿರಲಿಲ್ಲ. 1977ರ ಜನವರಿಯಲ್ಲಿ ಚುನಾವಣೆ ಘೋಷಣೆಯಾಯಿತು, ಮಾರ್ಚ್‌ನಲ್ಲಿ ಜನರು ತಮ್ಮ ತೀರ್ಪು ಕೊಟ್ಟರು ಎಂಬುದು ನಿಜ. ಆದರೆ ಯಾವಾಗ ಚುನಾವಣೆ ನಡೆಸಬೇಕೆಂಬುದು ಆಗ ಜನರ ಹಕ್ಕಾಗಿ ಉಳಿದಿರಲಿಲ್ಲ, ಆಳುವವರ ಇಚ್ಛೆಯಾಗಿತ್ತು.

ಚುನಾವಣಾ ವ್ಯಾಜ್ಯದ ಕಥೆ ಇನ್ನೂ ಹೆಚ್ಚಿನ ಪಾಠ ಹೇಳುತ್ತದೆ. ಅಲಹಾಬಾದ್ ತೀರ್ಪಿನ ವಿರುದ್ಧದ ಮೇಲ್ಮನವಿ 1975ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮುಂದೆ ವಿಚಾರಣೆಗೆ ಬರುವುದಿತ್ತು. ಆಗಸ್ಟ್ 7ರಂದು ಲೋಕಸಭೆ, 8ರಂದು ರಾಜ್ಯಸಭೆ 39ನೇ ತಿದ್ದುಪಡಿಯನ್ನು ಅಂಗೀಕರಿಸಿದವು; 9ರಂದು ರಾಜ್ಯ ವಿಧಾನಸಭೆಗಳ ಅನುಮೋದನೆ, 10ರಂದು ರಾಷ್ಟ್ರಪತಿಗಳ ಅಂಕಿತ. ಪ್ರಧಾನಿಯ ಚುನಾವಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ, ಹಿಂದೆ ಬಂದ ತೀರ್ಪೂ ಅಸಿಂಧು ಎಂಬುದು ಅದರ ಸಾರ. ಅಗತ್ಯವಿದ್ದ ಬಹುಮತಗಳೆಲ್ಲವೂ ಅದಕ್ಕೆ ದೊರೆತಿದ್ದವು. ಬಹುಮತವೊಂದೇ ಸಾಕು ಎಂಬ ನಿಮ್ಮ ಅಳತೆಗೋಲಿನಿಂದ ನೋಡಿದರೆ ಆ ತಿದ್ದುಪಡಿಯಲ್ಲಿ ದೋಷ ಹುಡುಕುವುದೇ ಸಾಧ್ಯವಿಲ್ಲ. ಆದರೆ ಒಬ್ಬ ಅಭ್ಯರ್ಥಿಯ ವ್ಯಾಜ್ಯವನ್ನು ಆ ಅಭ್ಯರ್ಥಿಯ ಪಕ್ಷವೇ ಮತ ಹಾಕಿ ಮುಗಿಸುವುದು ಸರಿಯಲ್ಲವೆಂದು ಯಾವ ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿ ಕೇಳಿದರೂ ಹೇಳಿಯಾರು. 1975ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ತಿದ್ದುಪಡಿಯ ಆ ಭಾಗವನ್ನು ರದ್ದುಗೊಳಿಸಿತು. ಚುನಾವಣಾ ಕಾನೂನಿನಲ್ಲೇ ಪೂರ್ವಾನ್ವಯವಾಗಿ ಮಾಡಿದ್ದ ಬದಲಾವಣೆಗಳನ್ನು ಒಪ್ಪಿ ಪ್ರಧಾನಿಯವರ ಆಯ್ಕೆಯನ್ನು ಅದು ಎತ್ತಿಹಿಡಿಯಿತಾದರೂ, ನ್ಯಾಯಾಲಯದ ಬಾಗಿಲನ್ನೇ ಮುಚ್ಚಿಬಿಡುವ ಪ್ರಯತ್ನಕ್ಕೆ ಅಲ್ಲಿ ತಡೆ ಬಿತ್ತು.

ಆ ತಡೆ ಒಡ್ಡಲು ನ್ಯಾಯಾಲಯ ಬಳಸಿದ ಸಿದ್ಧಾಂತ ಅದಕ್ಕೆ ಎರಡು ವರ್ಷ ಮೊದಲು ರೂಪುಗೊಂಡಿತ್ತು, ಮತ್ತು ಅದು ಕನ್ನಡ ನೆಲಕ್ಕೆ ತೀರ ಹತ್ತಿರದ್ದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಜಮೀನಿಗೆ ಒದಗಿದ ಸ್ಥಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿ 1973ರ ಏಪ್ರಿಲ್ 24ರಂದು ತೀರ್ಪು ನೀಡಿತು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಇಷ್ಟು ಕೂದಲೆಳೆಯ ಅಂತರದಲ್ಲಿ ನಿಂತ ತತ್ತ್ವವೆಂದರೆ, ಸಂಸತ್ತು ಸಂವಿಧಾನದ ಯಾವ ಭಾಗವನ್ನು ಬೇಕಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ನಾಶ ಮಾಡುವಂತಿಲ್ಲ. ಭೂಮಿಯ ವಿಷಯದಲ್ಲಿ ಸ್ವಾಮೀಜಿಯವರು ಕೋರಿದ ಪರಿಹಾರ ಅವರಿಗೆ ದೊರೆಯಲಿಲ್ಲ. ಅವರ ಹೆಸರು ಮಾತ್ರ ಇಂದಿಗೂ ದೇಶದ ಪ್ರತಿಯೊಂದು ಕಾನೂನು ಕಾಲೇಜಿನ ತರಗತಿಯಲ್ಲಿ ಕೇಳಿಬರುತ್ತದೆ.

ಈ ಚಿಂತನೆಯ ಹಿಂದೆ ಜರ್ಮನಿಯ ಅನುಭವವೂ ಇದೆ. ಅಲ್ಲಿ 1919ರ ವೈಮಾರ್ ಸಂವಿಧಾನ ಇತ್ತು, ಹಕ್ಕುಗಳ ಪಟ್ಟಿ ಇತ್ತು, ಚುನಾವಣೆಗಳೂ ಇದ್ದವು. ಆದರೆ ಅದರ 48ನೇ ವಿಧಿ ತುರ್ತು ಸಂದರ್ಭದಲ್ಲಿ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತ್ತು, ಮೂರನೇ ಎರಡರಷ್ಟು ಮತವಿದ್ದರೆ ಸಂವಿಧಾನವನ್ನೇ ಬದಿಗೊತ್ತುವ ಕಾನೂನು ಮಾಡಬಹುದಿತ್ತು. ಹಿಟ್ಲರನ ಪಕ್ಷಕ್ಕೆ 1933ರ ಮಾರ್ಚ್ ಚುನಾವಣೆಯಲ್ಲೂ ಶೇ 43.9ರಷ್ಟು ಮತ ಮಾತ್ರ ಬಂದಿತ್ತು. ಕಮ್ಯುನಿಸ್ಟ್ ಸದಸ್ಯರನ್ನು ಸದನದಿಂದ ದೂರವಿಟ್ಟು, ಉಳಿದವರಲ್ಲಿ ಸೋಷಿಯಲ್ ಡೆಮಾಕ್ರಟರನ್ನು ಬಿಟ್ಟು ಮಿಕ್ಕೆಲ್ಲ ಪಕ್ಷಗಳ ಒಪ್ಪಿಗೆ ಪಡೆದು, ಮಾರ್ಚ್ 23ರಂದು ಸಂಸತ್ತಿನ ಶಾಸನಾಧಿಕಾರವನ್ನೇ ಸರ್ಕಾರದ ಕೈಗೆ ವರ್ಗಾಯಿಸಲಾಯಿತು. ಜುಲೈ ಹೊತ್ತಿಗೆ ಹೊಸ ಪಕ್ಷ ಕಟ್ಟುವುದೇ ಅಪರಾಧವಾಯಿತು. ಯುದ್ಧಾನಂತರ 1949ರಲ್ಲಿ ಬರೆದ ಹೊಸ ಮೂಲ ಕಾನೂನಿನಲ್ಲಿ ಜರ್ಮನ್ನರು ಮಾನವ ಘನತೆ, ಪ್ರಜಾಪ್ರಭುತ್ವ, ಒಕ್ಕೂಟ ವ್ಯವಸ್ಥೆ ಮುಂತಾದ ತತ್ತ್ವಗಳನ್ನು ಎಷ್ಟೇ ಬಹುಮತವಿದ್ದರೂ ತಿದ್ದುವಂತಿಲ್ಲ ಎಂದು 79ನೇ ವಿಧಿಯಲ್ಲಿ ಬರೆದಿಟ್ಟರು. ಜರ್ಮನ್ ವಿದ್ವಾಂಸ ಡೀಟ್ರಿಶ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿ ಅಧಿಕಾರದ ಮಿತಿಗಳ ಬಗ್ಗೆ ಮಾಡಿದ ಉಪನ್ಯಾಸ ನಮ್ಮ ವಕೀಲರ ವಾದಕ್ಕೆ ದಾರಿ ತೋರಿತು. ಸಂವಿಧಾನವಿದ್ದೂ ಮಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವೈಮಾರ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಕೆಟ್ಟವರು ಅಧಿಕಾರಕ್ಕೆ ಬಂದಾಗ ಮಾತ್ರ ಮಿತಿ ಬೇಕು, ಒಳ್ಳೆಯವರನ್ನು ಆರಿಸಿದರೆ ಸಾಕು ಎಂದು ಕೆಲವರು ವಾದಿಸುತ್ತಾರೆ. ಇದಕ್ಕೆ ಉತ್ತರವೂ ಅದೇ ಕಾಲದಲ್ಲಿದೆ. ತುರ್ತು ಪರಿಸ್ಥಿತಿಯ ವಿರುದ್ಧ ಹೋರಾಡಿ, ಜೈಲು ಕಂಡು, 1977ರಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರ ಮೊದಲ ವರ್ಷವೇ ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ 356ನೇ ವಿಧಿಯ ಬಲದಿಂದ ವಜಾ ಮಾಡಿತು. 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಸರ್ಕಾರ ಎದುರಾಳಿಗಳ ಒಂಬತ್ತು ಸರ್ಕಾರಗಳನ್ನು ವಜಾ ಮಾಡಿತು. ರಾಜ್ಯದ ಜನ ಆರಿಸಿದ ಸರ್ಕಾರವನ್ನು ಕೇಂದ್ರದ ಬಹುಮತ ಒಂದು ಸಹಿಯಿಂದ ಅಳಿಸಿಹಾಕಬಹುದಾಗಿತ್ತು. ಅಲ್ಲಿಯೂ ಬಹುಮತ, ಇಲ್ಲಿಯೂ ಬಹುಮತ. ಒಂದು ಇನ್ನೊಂದನ್ನು ನುಂಗುವಾಗ ಯಾವುದು ಪ್ರಜಾಪ್ರಭುತ್ವ ಎಂದು ತೀರ್ಮಾನಿಸಲು ಎರಡಕ್ಕೂ ಮೇಲಿನ ನಿಯಮವೊಂದು ಬೇಕೇ ಬೇಕು.

ಆ ನಿಯಮಕ್ಕೆ ಹಲ್ಲು ಬಂದದ್ದು ಕರ್ನಾಟಕದ ಪ್ರಕರಣದಿಂದ. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ 19 ಶಾಸಕರು ಬೆಂಬಲ ಹಿಂಪಡೆದಿದ್ದಾರೆ ಎಂಬ ಪತ್ರಗಳು 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಜನ ಮರುದಿನವೇ ತಾವು ಸರ್ಕಾರದ ಜೊತೆಗಿರುವುದಾಗಿ ಬರೆದುಕೊಟ್ಟರು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧ, ಬೇಕಿದ್ದರೆ ಅಧಿವೇಶನವನ್ನು ಮುಂಚಿತವಾಗಿ ಕರೆಯುತ್ತೇವೆ ಎಂದು ಬೊಮ್ಮಾಯಿಯವರು ತಿಳಿಸಿದರೂ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. ಹೈಕೋರ್ಟಿನಲ್ಲಿ ಅವರಿಗೆ ಸೋಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಅಸಾಂವಿಧಾನಿಕವೆಂದು ಹೇಳುವಷ್ಟರಲ್ಲಿ ರಾಜ್ಯದಲ್ಲಿ ಹೊಸ ಚುನಾವಣೆ ಎಂದೋ ಮುಗಿದಿತ್ತು. ಬೊಮ್ಮಾಯಿಯವರಿಗೆ ಅಧಿಕಾರವೇನೂ ಮರಳಲಿಲ್ಲ. ಆದರೆ ಬಹುಮತವನ್ನು ಅಳೆಯಬೇಕಾದ ಜಾಗ ಸದನ, ರಾಜಭವನವಲ್ಲ; ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು; ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂಬ ಮೂರು ಮಾತುಗಳು ಅಂದಿನಿಂದ ಗಟ್ಟಿಯಾದವು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲೇ ಬಹುಮತ ಸಾಬೀತಿಗೆ ರಾಜ್ಯಪಾಲರು ಹದಿನೈದು ದಿನ ಕೊಟ್ಟಾಗ, ಮರುದಿನವೇ ಸದನದಲ್ಲಿ ಸಾಬೀತುಪಡಿಸಿ ಎಂದು ಸುಪ್ರೀಂ ಕೋರ್ಟು ಮೇ 18ರಂದು ಆದೇಶಿಸಲು ಸಾಧ್ಯವಾದದ್ದು ಈ ತೀರ್ಪಿನ ಬಲದಿಂದಲೇ. ಇಲ್ಲಿ ಆಯ್ಕೆಯಾಗದ ನ್ಯಾಯಾಧೀಶರು ಮಾಡಿದ್ದೇನು? ಆಯ್ಕೆಯಾದ ಶಾಸಕರ ಕೈಗೆ ತೀರ್ಮಾನವನ್ನು ಹಿಂತಿರುಗಿಸಿದ್ದು.

ಬಹುಮತ ಎಂದಿಗೂ ಆಗಲಾರದವರ ವಿಷಯ ಬೇರೆ. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ಮಕ್ಕಳ ಪರವಾಗಿ ಯಾವ ಪಕ್ಷ ಚುನಾವಣೆ ಗೆಲ್ಲಬಹುದಿತ್ತು? ಎಷ್ಟು ಚುನಾವಣೆಗಳವರೆಗೆ ಅವರು ಶಾಲೆಯ ಹೊರಗೆ ಕಾಯಬೇಕಿತ್ತು? ಮೂಲಭೂತ ಹಕ್ಕು ಎಂದರೆ ಮತ ಎಣಿಸದೆ ದೊರೆಯಬೇಕಾದದ್ದು ಎಂಬುದು ಇಂಥ ಪ್ರಕರಣಗಳಲ್ಲಿ ಅರ್ಥವಾಗುತ್ತದೆ.

ಬ್ರಿಟನ್ನಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಲ್ಲಿ ಒಂದೇ ಪುಸ್ತಕದ ರೂಪದ ಸಂವಿಧಾನ ಇಲ್ಲ, ಮಿತಿಗಳು ಇಲ್ಲವೆಂದಲ್ಲ. 1689ರ ಹಕ್ಕುಗಳ ಶಾಸನ, 1998ರ ಮಾನವ ಹಕ್ಕುಗಳ ಕಾಯ್ದೆ, ಶತಮಾನಗಳಿಂದ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದ ಸಂಪ್ರದಾಯಗಳು ಸೇರಿ ಆ ಕೆಲಸ ಮಾಡುತ್ತವೆ. ಚುನಾಯಿತರಲ್ಲದ ಮೇಲ್ಮನೆಯ ಅಧಿಕಾರವನ್ನು ಮೊಟಕುಗೊಳಿಸಿದ 1911ರ ಕಾಯ್ದೆ ಕೂಡ ಒಂದು ವಿಷಯವನ್ನು ಎಚ್ಚರದಿಂದ ಹೊರಗಿಟ್ಟಿತು: ಸಂಸತ್ತಿನ ಅವಧಿಯನ್ನು ಐದು ವರ್ಷಕ್ಕಿಂತ ವಿಸ್ತರಿಸುವ ಮಸೂದೆಗೆ ಇಂದಿಗೂ ಮೇಲ್ಮನೆಯ ಒಪ್ಪಿಗೆ ಬೇಕು. ಕೆಳಮನೆ ತನ್ನ ಆಯುಷ್ಯವನ್ನು ತಾನೊಂದೇ ಹೆಚ್ಚಿಸಿಕೊಳ್ಳುವಂತಿಲ್ಲ. 2019ರಲ್ಲಿ ಪ್ರಧಾನಿಯವರ ಸಲಹೆಯಂತೆ ಸಂಸತ್ತಿನ ಅಧಿವೇಶನವನ್ನು ಐದು ವಾರ ಮುಂದೂಡಿದಾಗ ಅಲ್ಲಿನ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಕಾನೂನುಬಾಹಿರವೆಂದರು. ಆದರೂ ಸಂಪ್ರದಾಯದ ಮೇಲೆ ನಿಂತ ಆ ವ್ಯವಸ್ಥೆಯನ್ನು ಎಪ್ಪತ್ತೈದು ವರ್ಷಗಳ ಹಿಂದೆ ಹೊಸದಾಗಿ ಸ್ವತಂತ್ರವಾದ, ಜಾತಿ ಧರ್ಮ ಭಾಷೆಗಳಲ್ಲಿ ಹಂಚಿಹೋದ ನಮ್ಮ ದೇಶ ನಂಬಿ ಕೂರಲು ಸಾಧ್ಯವಿರಲಿಲ್ಲವೆಂದೇ ನಾನು ಭಾವಿಸುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನ್ಯಾಯವಾದ ಆಕ್ಷೇಪವೊಂದು ಅಡಗಿದೆ, ಅದನ್ನು ತಳ್ಳಿಹಾಕಲಾರೆ. ಮಿತಿಗಳು ಉಳ್ಳವರ ಕೋಟೆಯಾಗಬಹುದು. ಸ್ವಾತಂತ್ರ್ಯದ ಆರಂಭದಲ್ಲಿ ಆದದ್ದೇ ಅದು. ಜಮೀನ್ದಾರಿ ರದ್ದುಪಡಿಸಿದ ಬಿಹಾರದ ಕಾಯ್ದೆಯನ್ನು ಪಟ್ನಾ ಹೈಕೋರ್ಟು 1951ರಲ್ಲಿ ಅಸಿಂಧುಗೊಳಿಸಿತು. ಅದಕ್ಕೆ ಸಂಸತ್ತು ಕೊಟ್ಟ ಉತ್ತರ ಅದೇ ವರ್ಷದ ಮೊದಲ ತಿದ್ದುಪಡಿ ಮತ್ತು ಒಂಬತ್ತನೇ ಪರಿಚ್ಛೇದ, ಅಂದರೆ ಮೂಲಭೂತ ಹಕ್ಕಿನ ಹೆಸರಿನಲ್ಲಿ ರದ್ದಾಗದಂತೆ ಕಾನೂನುಗಳಿಗೆ ರಕ್ಷಣೆ ಕೊಡುವ ಪಟ್ಟಿ. ಕರ್ನಾಟಕದಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಜಮೀನಿನ ಒಡೆಯರಾದರು. ಸಂವಿಧಾನದ ಮಿತಿಗಳು ಅದಕ್ಕೆ ಅಡ್ಡ ನಿಲ್ಲಲಿಲ್ಲ. ಆಸ್ತಿಯ ಹಕ್ಕನ್ನು ಕೊನೆಗೆ ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದು 300ಎ ವಿಧಿಗೆ ಸರಿಸಲಾಯಿತು. ನೂರಕ್ಕೂ ಹೆಚ್ಚು ಸಲ ತಿದ್ದುಪಡಿಯಾದ ಸಂವಿಧಾನ ಜನರ ಇಚ್ಛೆಗೆ ಕಿವುಡಾಗಿದೆ ಎನ್ನುವುದು ಕಷ್ಟ. ತಡವಾಗಿ, ಹೆಚ್ಚಿನ ಬಹುಮತದಿಂದ, ಚರ್ಚಿಸಿ ಬದಲಾಯಿಸಿ ಎಂದಷ್ಟೇ ಅದು ಕೇಳುತ್ತದೆ. ಬದಲಾಯಿಸುವ ದಾರಿಯನ್ನೇ ಮುಚ್ಚುವ ಬದಲಾವಣೆಯನ್ನು ಮಾತ್ರ ಒಪ್ಪುವುದಿಲ್ಲ. 42ನೇ ತಿದ್ದುಪಡಿ ಇನ್ನು ಮುಂದೆ ಯಾವ ತಿದ್ದುಪಡಿಯನ್ನೂ ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂದಿತ್ತು. ಬೆಂಗಳೂರಿನ ಮಿನರ್ವ ಮಿಲ್ಲಿನ ಪ್ರಕರಣದಲ್ಲಿ 1980ರಲ್ಲಿ ಅದು ಬಿದ್ದುಹೋದದ್ದು ಇದೇ ಕಾರಣಕ್ಕೆ: ಮಿತಿಯುಳ್ಳ ಅಧಿಕಾರ ಪಡೆದವರು ಅದನ್ನು ಬಳಸಿ ತಮ್ಮನ್ನು ಮಿತಿಯಿಲ್ಲದವರನ್ನಾಗಿ ಮಾಡಿಕೊಳ್ಳಲಾಗದು.

ಇನ್ನು ನ್ಯಾಯಾಧೀಶರ ಪ್ರಶ್ನೆ. ಅವರನ್ನು ತಪ್ಪೇ ಮಾಡದ ಕಾವಲುಗಾರರೆಂದು ನಾನು ಹೇಳಲಾರೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬೆಂಗಳೂರಿನಲ್ಲಿ ಬಂಧಿಸಲಾಗಿತ್ತು. ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸುವಂತೆ ಕೋರುವ ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿನ ಮುಂದೆ ಬಂದವು. ಬಂಧಿತರ ಅರ್ಜಿಯನ್ನು ಆಲಿಸಬಹುದೆಂದು ಹೇಳಿದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಅದರ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರನ್ನು ಆ ಬಳಿಕ ದೂರದ ಹೈಕೋರ್ಟುಗಳಿಗೆ ವರ್ಗಾಯಿಸಲಾಯಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಈ ಎಲ್ಲ ಹೈಕೋರ್ಟುಗಳ ನಿಲುವನ್ನು ತಳ್ಳಿಹಾಕಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು, ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ಕೇಳಿದಾಗ, ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಆದೇಶ ಜಾರಿಯಲ್ಲಿರುವವರೆಗೆ ಇಲ್ಲ ಎಂಬ ಉತ್ತರವೇ ಸರ್ಕಾರದ ಕಡೆಯಿಂದ ಬಂತು. ಆ ವಾದವನ್ನು ನಾಲ್ವರು ನ್ಯಾಯಮೂರ್ತಿಗಳು ಒಪ್ಪಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗ ಅದು, ಮತ್ತು ಅಲ್ಲಿ ಎಡವಿದ್ದು ಸರ್ಕಾರವೊಂದೇ ಅಲ್ಲ.

ಆ ತೀರ್ಪಿನಿಂದ ಆದ ಹಾನಿಯನ್ನು ಮೊದಲು ಸರಿಪಡಿಸಿದ್ದು ನ್ಯಾಯಾಲಯವಲ್ಲ, ಜನ ಆರಿಸಿದ ಸಂಸತ್ತು. 1978ರ 44ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಮರಳಿ ಐದು ವರ್ಷಕ್ಕೆ ಇಳಿಸಿತು. ‘ಆಂತರಿಕ ಗಲಭೆ’ ಎಂಬ ಸಡಿಲ ಕಾರಣದ ಬದಲು ‘ಸಶಸ್ತ್ರ ಬಂಡಾಯ’ ನಡೆದರೆ ಮಾತ್ರ ಒಳಗಿನ ಕಾರಣಕ್ಕೆ ತುರ್ತು ಪರಿಸ್ಥಿತಿ ಹೇರಬಹುದೆಂದಿತು. ಅದಕ್ಕೆ ಸಚಿವ ಸಂಪುಟದ ಲಿಖಿತ ತೀರ್ಮಾನ, ಒಂದು ತಿಂಗಳೊಳಗೆ ಎರಡೂ ಸದನಗಳ ವಿಶೇಷ ಬಹುಮತ, ಆರು ತಿಂಗಳಿಗೊಮ್ಮೆ ಮರು ಅನುಮೋದನೆ ಕಡ್ಡಾಯವಾದವು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದು ಬರೆಯಲಾಯಿತು. ಸುಪ್ರೀಂ ಕೋರ್ಟು ತನ್ನ 1976ರ ತೀರ್ಪನ್ನು ತಪ್ಪೆಂದು ಅಧಿಕೃತವಾಗಿ ತೊಡೆದುಹಾಕಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಕೆಲಸ ಮಾಡಿತು. ಆದ್ದರಿಂದ ಚುನಾಯಿತರು ಮೇಲೋ ನ್ಯಾಯಾಧೀಶರು ಮೇಲೋ ಎಂದು ನೀವು ಕೇಳಿದರೆ, ಇಬ್ಬರೂ ಮೇಲಲ್ಲ ಎನ್ನುವೆ: 1975ರ ನವೆಂಬರ್‌ನಲ್ಲಿ ಸಂಸತ್ತನ್ನು ನ್ಯಾಯಾಲಯ ತಡೆಯಿತು, 1978ರಲ್ಲಿ ನ್ಯಾಯಾಲಯ ಬಿಟ್ಟುಕೊಟ್ಟಿದ್ದನ್ನು ಸಂಸತ್ತು ಮರಳಿ ಕಟ್ಟಿತು, ಮತ್ತು ಎರಡಕ್ಕೂ ಆ ಅಧಿಕಾರ ಬಂದದ್ದು ಒಂದೇ ಸಂವಿಧಾನದಿಂದ.